ಬೇಲೀಫನ ಸೂಟಿ

ಇವತ್ತ ಕೋರ್ಟಿಗೆ ಸೂಟಿ.
ಎಂಟಕ್ಕ ಝೇಂಡಾ ಏರಿತು. ಸಾಹೇಬರು ಹಗ್ಗ ಜಗ್ಗಿದಾಗ
ಗಂಟು ಸಿಕ್ಕೊಂಡು, ಎರಡನೇ ಸಲಕ್ಕ ಬಿಚ್ಚಿ
ಚೆಂಡುಹೂವಿನ ಪಕಳಿ ಪೇಷ್ಕಾರರ ಬೋಳುತಲಿ ಮ್ಯಾಲೆ ಬಿದ್ದವು.
ಪೊಟ್ಟಣದಾಗ ಎರಡು ಬುಂದೇ ಉಂಡಿ. ಮನಿಗೆ ಬಂದೆ.

ಚೀಲ ಗೂಟಕ್ಕ ಹಾಕೀನಿ.
ಅದರಾಗ ಏಳು ಸಮನ್ಸು, ಒಂದು ಜಪ್ತಿ ವಾರಂಟು,
ಬಾಗಲಕ್ಕ ಹಚ್ಚೂ ಗೋಂದಿನ ಬಾಟಲಿ.
ಮಲಗಲಿ ಒಂದಿನ.

ಹಿತ್ತಲಂದ್ರ ದೊಡ್ಡ ಹಿತ್ತಲಲ್ಲ,
ಬಚ್ಚಲ ನೀರು ಹರಿಯೂ ಮೂರು ಮಾರು ಜಾಗ.
ಹಲ್ಲು ತಿಕ್ಕೋತ ನಿಂತ್ರ ಗೋಳಗುಮ್ಮಟದ ಬೆನ್ನು ಕಾಣ್ತದ,
ಬೆನ್ನಷ್ಟ.
ಎಣ್ಣಿ ಡಬ್ಬಿಯೊಳಗ ಪುಂಡಿಪಲ್ಲೆ, ಒಡದ ಕೊಡದಾಗ ಪುದೀನಾ,
ಇಂಡಿಯಿಂದ ತಂದ ನಿಂಬಿ ಸಸಿ
ಮೂರು ವರ್ಷದಿಂದ ಬರೇ ಮುಳ್ಳು ಕೊಟ್ಟದ.
ಬುಡ ಕೆದರತೀನಿ. ಉಗರಿನಾಗ ಎರಿಮಣ್ಣು.
ಎರಿಮಣ್ಣಿಗೆ ಸಹಿ ಬೇಕಿಲ್ಲ,
ನನ್ನ ಹೆಬ್ಬಟ್ಟು ಅದ ತಗೋತದ.

ಎಲಿ ಹಿಂದ ಒಂದು ಹಸರು ಹುಳ,
ಅರ್ಧ ಕೊಂಬಿ ಕಬ್ಜಾ ಮಾಡೇದ.
ಖುಲ್ಲಾ ಮಾಡಸಲಿಲ್ಲ. ಸೂಟಿ.

ಹನ್ನೊಂದಕ್ಕ ಕುಕ್ಕರಿನ ಸೀಟಿ ತಗದೆ, ರಬ್ಬರ್ ತಗದೆ,
ತಳಕ್ಕ ಎರಡು ಬೊಗಸಿ ಉಪ್ಪು ಹಾಸಿದೆ.
ಸಣ್ಣಾಂವ ಇದ್ದಾಗ ಸ್ಟೇಷನ್ ರೋಡಿನ ಭಟ್ಟಿಗೆ
ನಸುಕಿನ ಮೂರಕ್ಕ ಕಟಗಿ ಹಾಕ್ತಿದ್ದೆ.
ಉಸ್ತಾದ ಲಾಡ್ಲೇಸಾಬ ಭಟ್ಟಿ ಬಾಯಾಗ ಅಂಗೈ ಹಿಡದು
ಮೆಲ್ಲಕ ಎಣಸಾಂವ.
ಐದಕ್ಕ ಕೈ ಸುಟ್ರ ಪಾವು, ಎಂಟಕ್ಕ ಸುಟ್ರ ನಾನಖಟಾಯಿ.
ನಾ ಎರಡಕ್ಕ ಕೈ ತಗೀತಿದ್ದೆ.
‘ನೀ ಸರ್ಕಾರಿ ನೌಕರಿಗೇ ಲಾಯಕ್ಕು’ ಅಂದಿದ್ದ.

ಅರ್ಧ ಜೋಳದ ಹಿಟ್ಟು, ಅರ್ಧ ಮೈದಾ,
ಬೆಲ್ಲದ ಪುಡಿ, ಹುಳಿ ಮೊಸರು, ಚಿಟಿಕಿ ಸೋಡಾ.
ಮಣೂಕ ತಿಕೋಟಾದ್ದು. ಪಾಲಿನ ದಾವೇದಾಗ
ಅಣ್ಣಗೊಂದು ಸಮನ್ಸು, ತಮ್ಮಗೊಂದು ಕೊಟ್ಟು ಬರೂ ಮುಂದ
ಒಲ್ಲೆ ಅಂದ್ರೂ ಬ್ಯಾರೆ ಬ್ಯಾರೆ ಕಟ್ಟಿಕೊಟ್ಟಿದ್ರು.
ನಾ ಒಂದ ಡಬ್ಬಿಗೆ ಸುರದೆ.
ಈಗ ಯಾವುದು ಯಾರದು
ಕೋರ್ಟಿಗೂ ತಿಳಿಯಂಗಿಲ್ಲ.

ಮುಕ್ಕಾಲು ತಾಸಿನ ವಾಯಿದೆ.
ಓಣ್ಯಾಗ ಸಾಲಿ ಹುಡುಗರು ಘೋಷಣಾ ಕೂಗಿ ಕೂಗಿ
ದನಿ ಬಿದ್ದು ಮನಿಗೆ ಹೊಂಟಿದ್ವು.
ಕಾಗದದ ಝೇಂಡಾ ಒಂದು ಗಟಾರದಂಚಿಗೆ ಬಿದ್ದಿತ್ತು,
ಒರಸಿ ಪುದೀನಾದಾಗ ಊರಿದೆ.
ಅಷ್ಟರಾಗ ವಾಸನಿ ಬಂತು.
ಒಲಿ ಮುಂದ ಕುಕ್ಕರಗಾಲಲೆ ಕುಂತೆ,
ಏನೂ ಮಾಡಲಿಲ್ಲ. ಹಂಗ ಕುಂತೆ.
ವರ್ಷದಾಗ ಇಷ್ಟೊತ್ತು ಯಾರ ಮನಿಯೊಳಗೂ ನಾ ಕುಂತಿಲ್ಲ,
ನನ್ನ ಮನಿಯೊಳಗ ಸೈತ.

ನಾಕು ಹೋಳು ತಾಟಿಗೆ ಹಾಕಿ ಎದುರು ಮನಿಗೆ ಹೋದೆ.
ಸಿಂದಗಿ ಕಡಿಂದ ಹೊಸದಾಗಿ ಬಂದವರು.
ಬಾಗಲಾ ಬಡದೆ. ಮೂರು ಸಲ, ಗೆಣ್ಣಿಲೆ,
ರೂಢಿ ಬಿಡಂಗಿಲ್ಲ.
ನೀಲಗಂಗವ್ವ ಅರ್ಧ ತಗದಳು.
ಎಲ್ಲಾರೂ ನೋಡೂ ಹಂಗ ಮಾರಿ ನೋಡಲಿಲ್ಲ,
ಮೊದಲ ಕೈ ನೋಡಿದಳು.
‘ಯಾವ ಕೇಸ್ರಿ?’
‘ಕೇಸಲ್ಲವ್ವಾ. ಕೇಕು.’
ಆಕಿ ನಗಲಿಲ್ಲ. ತಾಟು ತಗೊಂಡು, ಮೂಸಿ,
ತಗ್ಗಿದ ದನಿಲೆ ಕೇಳಿದಳು:
‘ಸಹಿ ಮಾಡಬೇಕೇನು?’

ಸಂಜಿಕ ನನ್ನ ಬಾಗಲಾ ಯಾರೋ ಬಡದ್ರು.
ಎದಿ ಧಸಕ್ ಅಂತು. ಖರೇನ.
ಇಪ್ಪತ್ತೆರಡು ವರ್ಷ ಈ ಸಪ್ಪಳ ಮಾಡೀನಿ,
ಒಳಗ ನಿಂತು ಕೇಳಿದ್ದಿಲ್ಲ.
ಚಿಲಕಕ್ಕ ಕೈ ಹೋಗವೊಲ್ಲದು.

ಹೊರಗ ಆಕಿ ಮಗಳು.
‘ನದಾಫ ಕಾಕಾ, ಬರೇ ತಾಟು ಕೊಡಬಾರದಂತ.’
ತಾಟಿನ ತುಂಬ ಸುಲಗಾಯಿ, ಎಲಿಗೆ ಇನ್ನೂ ಹುಳಿ.

ರಾತ್ರಿ ಒಂಬತ್ತಕ್ಕ ಹಾಜರಾ ದವಾಖಾನಿಂದ ಬಂದಳು.
ಸೂಟಿ ದಿನಾನೂ ಹನ್ನೊಂದು ಹೆರಗಿ.
ಕಾಲು ಬಿಸಿನೀರಾಗ ಇಟ್ಕೊಂಡು, ಒಂದು ತುಣುಕು ಮುರದು,
‘ತಳ ಹೊತ್ತೇದ’ ಅಂದಳು.
ಮತ್ತೊಂದು ಮುರದಳು.
ನಾ ಸುಲಗಾಯಿ ಬಿಡಸಿ ಬಿಡಸಿ
ಆಕಿ ಅಂಗೈಯಾಗ ಹಾಕ್ಕೋತ ಕುಂತೆ.