ಹತ್ತು ಪೆಸೊ ಚೀಟಿ

ಸಮಾರ್ ದ್ವೀಪದ ಈ ತುದಿಗೆ
ನಾಲ್ಕೂವರೆಗೆ ಮೀನಿನ ದೋಣಿ ಬರುತ್ತದೆ, ಐದಕ್ಕೆ ನಾನು.
ಸೊಂಟಕ್ಕೆ ಚೀಲ, ಕೈಯಲ್ಲಿ ಚೀಟಿಯ ಕಟ್ಟು,
ಒಂದೊಂದರ ಮೇಲೂ ಪುರಸಭೆಯ ಮುದ್ರೆ, ಕೆಂಪು ಅಂಕಿ.
ಹತ್ತು ಪೆಸೊ ಕೊಟ್ಟವರಿಗೆ ಒಂದು ಹರಿದು ಕೊಡುತ್ತೇನೆ;
ಕೊಡದವರಿಗೆ ಒಂದು ಮುಗುಳ್ನಗೆ,
ಅದಕ್ಕೆ ರಸೀದಿಯಿಲ್ಲ.

ಎಂಟಕ್ಕೆ ಖಜಾನೆಯ ಜಾಲರಿಯ ಹಿಂದೆ ಕೂತರೆ
ನೋಟುಗಳೆಲ್ಲ ಮೀನು ನಾರುತ್ತವೆ.
"ಈ ಕುರ್ಚಿ ಖಾಲಿಯಾಗಲು ಇನ್ನೆರಡು ವರ್ಷ, ರಿಯಾಲಿನ್,"
ಎಂದರು ಖಜಾಂಚಿ ಎಲ್ಪಿಡಿಯೊ, ಕನ್ನಡಕ ಒರೆಸುತ್ತ.
"ಮೇಲಿನ ಪದವಿಯಿಲ್ಲದವರ ಅರ್ಜಿ
ಕೆಳಗೇ ಉಳಿಯುತ್ತದೆ."

ಹಾಗಾಗಿ ಶನಿವಾರ
ವ್ಯಾನಿನ ಹಿಂದಿನ ಸೀಟು, ಮಡಿಲಲ್ಲಿ ಸಂಖ್ಯಾಶಾಸ್ತ್ರ,
ಎರಡೂವರೆ ಗಂಟೆ, ಅರ್ಧ ಟಾರು, ಅರ್ಧ ಗುಂಡಿ.
ಉದ್ದನೆಯ ಸೇತುವೆ ದಾಟುವಾಗಷ್ಟೆ ಅಕ್ಷರ ಕುಣಿಯುವುದಿಲ್ಲ.
ನನ್ನ ವಿದ್ಯೆ
ಎರಡು ಕಿಲೋಮೀಟರು ಉದ್ದ.

ತರಗತಿಯಲ್ಲಿ ನಾವು ಹನ್ನೊಂದು ಮಂದಿ:
ಅಗ್ನಿಶಾಮಕದವನೊಬ್ಬ, ಜನನ ಮರಣ ಬರೆಯುವವಳೊಬ್ಬಳು,
ನಿದ್ದೆಗೆಂದೇ ಫೀಸು ಕಟ್ಟಿದಂತಿರುವ ಒಬ್ಬ ಕೌನ್ಸಿಲರ್.
ಡಾಕ್ಟರ್ ಅಬ್ರುಗಾರ್ ಹಲಗೆಯ ಮೇಲೆ ಬರೆದರು:
ವಸೂಲಾದದ್ದು, ಭಾಗಿಸು, ವಸೂಲಾಗಬೇಕಾದದ್ದು.
ಆರು ವರ್ಷದ ನನ್ನ ಬೆಳಗುಗಳು ಗೆರೆಯ ಮೇಲೆ ಕೂತವು.
ಗೆರೆಯ ಕೆಳಗೆ
ನಾನು ಮುಗುಳ್ನಕ್ಕ ಮುಖಗಳೂ ಸೇರಿ
ಇಡೀ ಸಂತೆ.

ನನ್ನ ಫೀಸಿನ ಎರಡನೆಯ ಕಂತು ಬಾಕಿ.
ಕಿಟಕಿಯ ಈಚೆ ನಿಂತು ಮುಂದಿನ ತಿಂಗಳು ಎಂದೆ;
ಆಚೆಯ ಹುಡುಗಿ ಮುಗುಳ್ನಕ್ಕಳು.
ಆ ನಗೆ ನನಗೆ ಗೊತ್ತು.

ಪ್ರಬಂಧಕ್ಕೂ ಅದೇ ವಿಷಯ: ಯಾರು ಕೊಡುವುದಿಲ್ಲ, ಯಾಕೆ.
ಇಪ್ಪತ್ತೆರಡು ಪ್ರಶ್ನೆ, ಅರವತ್ತು ಮಳಿಗೆ.
ಹೆಸರು ಹಾಕುವಂತಿಲ್ಲ, ಸಂಖ್ಯೆ ಮಾತ್ರ.
ಒಣಮೀನಿನ ಮಾನಾ ಇಸ್ಯಾಂಗ್ ಹದಿನೇಳು ಆದಳು.
ಮಾನಾ ಎಂದರೆ ನಮ್ಮಲ್ಲಿ ಅಕ್ಕ;
ಹದಿನೇಳಕ್ಕೆ ತಂಗಿಯರಿಲ್ಲ.
ಬಾಕಿ: ಹದಿನಾಲ್ಕು ತಿಂಗಳು.
ಕಾರಣ: ಕೆಳಗಿನ ಐದರಲ್ಲಿ ಒಂದಕ್ಕೆ ಗುರುತು ಹಾಕಿ.

ಅವಳು ಯಾವುದಕ್ಕೂ ಹಾಕಲಿಲ್ಲ. ಹಾಳೆ ಮಗುಚಿ
ಹಿಂಬದಿಗೆ ಒಂದು ಉದ್ದ ಗೀಟೆಳೆದಳು,
ಹಂದಿಮಾಂಸದ ಸಾಲಿನಿಂದ ಹೊರಟು
ತನ್ನ ಮಳಿಗೆಯ ಕಾಲಬುಡದಲ್ಲಿ ನಿಲ್ಲುವ ಗೀಟು.
"ಚರಂಡಿ," ಎಂದಳು.
"ಹತ್ತು ಹತ್ತು ಕೂಡಿಸಿ ಒಯ್ಯುತ್ತೀಯಲ್ಲ, ಇಂದಾಯ್,
ಇಲ್ಲಿ ಹನಿ ಹನಿ ಕೂಡಿ ಹಳ್ಳವಾಗುವುದು
ಇದೊಂದೇ."

ಕಂಪ್ಯೂಟರಿನಲ್ಲಿ ಹದಿನೇಳರ ಖಾನೆ ಖಾಲಿ.
"ಉತ್ತರವಿಲ್ಲ ಎಂದು ಬಿಟ್ಟುಬಿಡಿ," ಎಂದರು ಅಬ್ರುಗಾರ್,
ಕೆಟ್ಟ ಮನುಷ್ಯರಲ್ಲ, ಹಾಗೇ ಕಲಿಸಬೇಕು,
"ಅರವತ್ತರಲ್ಲಿ ಐವತ್ತೊಂಬತ್ತು ಧಾರಾಳವಾಯಿತು."
ಆಯಿತು. ಸೂತ್ರ ಸಲೀಸಾಗಿ ಓಡಿತು.

ಸೋಮವಾರ, ಬಜೆಟ್ಟಿನ ಕರಡಿನಲ್ಲಿ
ಬೀದಿದೀಪಕ್ಕೂ ಹಬ್ಬದ ಬ್ಯಾಂಡಿಗೂ ನಡುವೆ
ಒಂದು ಸಾಲಿಗೆ ಜಾಗ ಬಿಡಿಸಿದೆ:
ಮಾರುಕಟ್ಟೆ ಚರಂಡಿ, ನಲವತ್ತಾರು ಮೀಟರು.
ಅಳತೆ ನನ್ನದೇ, ಚಪ್ಪಲಿ ಕಳಚಿ ಟೇಪು ಹಿಡಿದದ್ದು.
ಎಲ್ಪಿಡಿಯೊ ಓದಿದರು. ಪೆನ್ಸಿಲ್ ತೆಗೆದರು.
ಹೊಡೆದುಹಾಕಲಿಲ್ಲ,
ಪಕ್ಕದಲ್ಲೊಂದು ಪ್ರಶ್ನೆಯ ಗುರುತಿಟ್ಟರು.
ನಮ್ಮ ಕಚೇರಿಯಲ್ಲಿ ಅದು ದೊಡ್ಡ ಮಾತು.

ಪ್ರಬಂಧದ ನಾಲ್ಕನೆಯ ಅಧ್ಯಾಯ ಇನ್ನೂ ಮುಗಿದಿಲ್ಲ.
ಐದಕ್ಕೆ ಮತ್ತೆ ಚೀಲ, ಚೀಟಿ.
ಮಾನಾ ಇಸ್ಯಾಂಗ್ ಇವತ್ತು ತಾನಾಗಿ ಕೈಚಾಚಿ
ಒಂದು ಒದ್ದೆ ನಾಣ್ಯವಿಟ್ಟಳು.
ಬಾಕಿಗೋ, ಇವತ್ತಿನದಕ್ಕೋ, ಎಂದೆ.
"ಓದುತ್ತಿರುವವಳು ನೀನು, ನೀನೇ ಬರೆದುಕೋ."
ಚೀಟಿ ಹರಿಯುವುದೋ, ರಸೀದಿ ಬರೆಯುವುದೋ
ಎನ್ನುವಷ್ಟರಲ್ಲಿ ಗಿರಾಕಿ ಬಂದ, ತಕ್ಕಡಿ ಎದ್ದಿತು,
ಹಿಂದಿನವರು ನೂಕಿದರು.

ಎಂಟಕ್ಕೆ ಎಣಿಸಿದೆ. ಮೂರು ಸಲ ಎಣಿಸಿದೆ.
ಕಡಿಮೆ ಬಿದ್ದರೆ ನನ್ನ ಸಂಬಳದಿಂದ ತುಂಬಬೇಕು,
ಅದು ನಿಯಮ, ಬಾಯಿಪಾಠ ಇದೆ.
ಇವತ್ತು ಲೆಕ್ಕಕ್ಕಿಂತ
ಹತ್ತು ಪೆಸೊ ಹೆಚ್ಚಿದೆ.