ಟಾರ್ಚ್ ಹಿಡಿದವನು

ಬರ್ಗೆನ್ ಊರಿನಲ್ಲಿ ಹನ್ನೊಂದು ದಿನ ಬಿಡದೆ ಸುರಿದು
ಹನ್ನೆರಡನೆಯ ದಿನ ಮಳೆ
ಮೂಗೊರೆಸಿಕೊಂಡು ನಿಂತಿತು.
ನನ್ನ ಕೆಂಪು ಆಲ್ಫಾ ಮಾತ್ರ
ಕೀಲಿ ತಿರುಗಿಸಿದಷ್ಟೂ
ಉಹುಂ ಉಹುಂ ಉಹುಂ ಅನ್ನುತ್ತದೆ,
ಒಮ್ಮೆಯೂ ಹೂಂ ಅನ್ನುವುದಿಲ್ಲ.

ಬಿಸಿಲಿನ ದೇಶದ ಕಾರು. ತಲೆಗೆ ಬರೀ ಬಟ್ಟೆ.
ಇಲ್ಲಿಗೆ ತಂದದ್ದೇ ತಪ್ಪು ಅಂದವರು ಬಹಳ,
ಮೊದಲು ಅಂದವಳು ಅಕ್ಕ, ತೋರ್ಗುನ್.
ಅಪ್ಪ ಬಿಟ್ಟುಹೋದ ದೋಣಿಯಲ್ಲಿ
ನನ್ನ ಅರ್ಧವನ್ನು ಮಾರಿ ಇದನ್ನು ಕೊಂಡೆ.
ಅರ್ಧ ದೋಣಿ ಕೊಳ್ಳುವವರು ಯಾರು?
ಇಡೀ ದೋಣಿಯೇ ಹೋಯಿತು.
ಅವಳ ಮಾತೂ.

ಇವತ್ತು ಬಂದಳು.
ಕರೆದದ್ದು ನಾನಲ್ಲ, ನನ್ನ ಹೆಂಡತಿ ಇರಬೇಕು.
ಮೂವತ್ತು ವರ್ಷ ಮೀನುಬಂದರಿನಲ್ಲಿ
ಡೀಸೆಲ್ ಎಂಜಿನ್ನುಗಳ ಕೆಮ್ಮು ಕೇಳಿದ ಕಿವಿ.
ರೇನ್‌ಕೋಟು ಬಿಚ್ಚದೆ ಬಾನೆಟ್ ಎತ್ತಿದಳು.
‘ಟಾರ್ಚ್ ಹಿಡಿ.’
ಎರಡು ವರ್ಷಕ್ಕೆ ಎರಡು ಶಬ್ದ.
ಹಿಡಿದೆ.

ಬ್ಯಾಟರಿಗೆ ಮೀಟರಿನ ಮೊನೆಗಳನ್ನು ತಾಗಿಸಿದಳು:
ಹನ್ನೆರಡೂವರೆ, ಜೀವವಿದೆ.
ಕಡ್ಡಿ ಎಳೆದು ಎಣ್ಣೆ ನೋಡಿದಳು:
ಹಾಲಾಗಿಲ್ಲ, ಒಳಗೆ ನೀರು ಹೊಕ್ಕಿಲ್ಲ.
ಪ್ಲಗ್ಗೊಂದನ್ನು ಕಳಚಿ ಮೂಸಿದಳು,
ಪೆಟ್ರೋಲಿನಲ್ಲಿ ತೊಯ್ದು ತೊಪ್ಪೆ.
‘ಬಡಿಸಿದ್ದಾರೆ, ಉಣ್ಣುತ್ತಿಲ್ಲ ನೀನು,’ ಅಂದಳು.
ನನಗಲ್ಲ, ಪ್ಲಗ್ಗಿಗೆ.

ನನ್ನ ಅನುಮಾನಗಳೋ, ಒಂದಕ್ಕಿಂತ ಒಂದು ದುಬಾರಿ:
ಪಂಪು ಕೆಟ್ಟಿತೆ, ಎಂಜಿನ್ನೇ ಬಿಚ್ಚಬೇಕೆ,
ಇಟಲಿಯಿಂದ ಏನೇನು ತರಿಸಬೇಕೋ...
ಕೇಳಲೆಂದು ಬಾಯಿ ತೆರೆದೆ.
‘ಬೆಳಕು ಅಲುಗುತ್ತಿದೆ.’
ಮುಚ್ಚಿದೆ.

‘ಯಾರೋ ನಡುದಾರಿಯಲ್ಲಿ ಬೆಂಕಿ ಕದಿಯುತ್ತಿದ್ದಾರೆ,’
ತನಗೆ ತಾನೇ ಗೊಣಗಿಕೊಂಡಳು.
ಕುಂಬಳಕಾಯಿ ಕಳ್ಳನ ಹಾಗೆ
ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಆಮೇಲೆ ಗ್ಯಾರೇಜಿನ ಬಾಗಿಲು ಎಳೆದು
‘ಟಾರ್ಚ್ ಆರಿಸು,’ ಅಂದಳು.
‘ಕೀಲಿ ನಾನು ತಿರುಗಿಸುತ್ತೇನೆ, ನೀನು ನೋಡು.
ಎಡಗಣ್ಣಿಗೆ ಪೊರೆ ಬಂದಿದೆ ನನಗೆ.’
ಯಾವಾಗಿನಿಂದ ಎಂದು ಕೇಳುವಷ್ಟರಲ್ಲಿ
ಕತ್ತಲು.

ಉಹುಂ ಉಹುಂ ಉಹುಂ.

ಕಂಡೆ.
ತಂತಿಗಳ ತೇವದ ಮೇಲೆ ಸಣ್ಣ ನೀಲಿ ಹುಳಗಳು
ಹರಿದಾಡಿ ಆರುತ್ತಿದ್ದವು,
ಡಿಸ್ಟ್ರಿಬ್ಯೂಟರಿನ ಕರಿ ಮುಚ್ಚಳದ ಮಗ್ಗುಲಿಂದ
ಒಂದು, ಮತ್ತೆ ಮತ್ತೆ ಅದೊಂದೇ,
ಚಿಟಿಕೆ ಹೊಡೆದ ಹಾಗೆ ಜಿಗಿದು
ಪಕ್ಕದ ಕಬ್ಬಿಣದಲ್ಲಿ ಸಾಯುತ್ತಿತ್ತು.
ಸಿಲಿಂಡರಿನಲ್ಲಿ ಸಿಡಿಯಬೇಕಾದ ಬೆಂಕಿ
ಸದ್ದಿಲ್ಲದೆ ಸೋರಿಹೋಗುತ್ತಿತ್ತು.

ಆಗಸ್ಟಿನ ರಾತ್ರಿಗಳಲ್ಲಿ ಅಪ್ಪನ ದೋಣಿಯ ಅಂಚಿಗೆ ಬಾಗಿ
ಅಕ್ಕ ನೀರಿಗೆ ಕೈ ಅದ್ದಿ ತೋರಿಸುತ್ತಿದ್ದಳು,
ಬೆರಳ ಸುತ್ತ ಹೀಗೆಯೇ
ಹೊತ್ತಿಕೊಳ್ಳುತ್ತಿತ್ತು ಕಡಲು.

‘ಅಕ್ಕ, ದೋಣಿಯಲ್ಲಿ ರಾತ್ರಿ ನೋಡುತ್ತಿದ್ದೆವಲ್ಲ, ಆ ಥರ ಇದೆ,’ ಅಂದೆ.

ಕಾರಿನೊಳಗಿಂದ ಉತ್ತರವಿಲ್ಲ.
ಕೀಲಿಯೂ ನಿಂತಿತು.
ಸೂರಿನಿಂದ ಹನಿ ಬೀಳುವುದು ಕೇಳಿಸಿತು.
ಕೊನೆಗೆ,
‘ಯಾವ ಮಗ್ಗುಲು?’

ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದರೆ
ಕೂದಲೆಳೆಯ ಬಿರುಕು. ಅಷ್ಟೇ.
ಹೆಂಡತಿಯ ಹೇರ್‌ಡ್ರೈಯರಿನಿಂದ ಒಣಗಿಸಿ
ಅವಳದೇ ಉಗುರುಬಣ್ಣ ಬಳಿದಳು ಗಾಯಕ್ಕೆ,
ಒಣಗಲಿ ಎಂದು ಫೂ ಫೂ ಊದಿದಳು
ಮಗುವಿನ ಮಂಡಿಗೆ ಊದುವಂತೆ.

ಹೂಂ, ಅಂದಿತು ಕಾರು.
ಹೂಂ ಅಂತ ಗುಡುಗಿತು, ಬೀದಿಗೆಲ್ಲ ಕೇಳುವಂತೆ.

‘ಹೊಸ ಮುಚ್ಚಳ ತರಿಸು. ಇದು ಬಾಳುವುದಲ್ಲ.’
ಕೈ ಒರೆಸಿಕೊಂಡು, ಕೇಳದೆಯೇ
ಪಕ್ಕದ ಸೀಟಿನಲ್ಲಿ ಕೂತಳು ಮನೆಗೆ ಬಿಡು ಎಂಬಂತೆ.
ಮಳೆ ಮತ್ತೆ ಹಿಡಿಯಿತು.
ಬಟ್ಟೆಯ ಹೊಲಿಗೆ ಬಿಟ್ಟಲ್ಲಿಂದ ಒಂದು ಹನಿ
ಅವಳ ಮಂಡಿಗೆ ಬಿತ್ತು. ನೋಡಿದಳು. ಏನೂ ಅನ್ನಲಿಲ್ಲ.

ಸೇತುವೆಯ ಬಳಿ ಕೆಂಪು ದೀಪ.
ಎಂಜಿನ್ ಒಮ್ಮೆ ತಡವರಿಸಿತು.
ಇಬ್ಬರೂ ಒಟ್ಟಿಗೇ
ಉಸಿರು ಹಿಡಿದು ಕೂತೆವು.