ತೂಕದವಳು

ಮೂವತ್ತೊಂದು ವರ್ಷ ಗೋಧಿ ತೂಗಿದವಳು ನಾನು,
ಡುಲೂತ್ ಬಂದರಿನ ಕಣಜದಲ್ಲಿ.
ಹಡಗು ಬಂದು ನಿಂತರೆ ಅದರ ಹೊಟ್ಟೆ ತುಂಬುವತನಕ
ಮುಳ್ಳಿನ ಮೇಲೇ ಕಣ್ಣು.
ಹಿಡಿ ಹೆಚ್ಚಲಿಲ್ಲ, ಹಿಡಿ ಕಮ್ಮಿಯಾಗಲಿಲ್ಲ.
ಧೂಳು ಮಾತ್ರ ನನ್ನ ಪಾಲಿಗೆ; ಅದಿನ್ನೂ ಎದೆಯಲ್ಲಿದೆ,
ಕೆಮ್ಮಿದಾಗ ಮಾತಾಡುತ್ತದೆ.

ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಅವರ ವಕೀಲ
ಕೇಳಿದ ಮೊದಲ ಪ್ರಶ್ನೆ ಇದೇ:
‘ಶ್ರೀಮತಿ ಹಿಲ್ಟುನೆನ್, ನಿಮಗೆ ಲೆಕ್ಕ ಬರುತ್ತದೆ, ಅಲ್ಲವೆ?’
ಬರುತ್ತದೆ ಅಂದೆ.
ಅವನು ನಕ್ಕು ಏನೋ ಬರೆದುಕೊಂಡ.

ಕೋರ್ಟಲ್ಲ ಅದು. ಹೆದ್ದಾರಿ ಪಕ್ಕದ ಹೋಟೆಲಿನ ಕೋಣೆ.
ಗೋಡೆಯಾಚೆ ಯಾರದೋ ಮದುವೆಗೆ ತಟ್ಟೆ ಜೋಡಿಸುವ ಸದ್ದು.
ಮೂವರು ಪಂಚರು, ಮೂರು ಲೋಟ ನೀರು.
ಖಾತೆ ತೆರೆದ ದಿನವೇ ಒಪ್ಪಿಕೊಂಡಿದ್ದೆನಂತೆ,
ಜಗಳ ಬಂದರೆ ಕೋರ್ಟಿಲ್ಲ, ಪಂಚಾಯಿತಿಯೇ ಸೈ ಎಂದು.
ಹದಿನೇಳನೇ ಪುಟ. ಇರುವೆ ಸಾಲಿನಂಥ ಅಕ್ಷರ.

ಗ್ರೇಡಿ ವಾನ್‌ಕ್ಯಾಂಪ್ ಎದುರಿಗೇ ಕೂತಿದ್ದ.
ಉರ್ಹೊ ತೀರಿಕೊಂಡಾಗ ಬಿಸಿ ಆಲೂಗಡ್ಡೆಯ ಬೋಗುಣಿ ಹಿಡಿದು
ಹಿಮ ಒದರಿಕೊಂಡು ಬಾಗಿಲಲ್ಲಿ ನಿಂತವನು.
‘ಪಿಂಚಣಿ ದುಡ್ಡು ಮಲಗಿರಲಿ ಬಿಡಿ, ನಾನು ಕಾಯುತ್ತೇನೆ’ ಅಂದಿದ್ದ.
ಮಲಗಲು ಬಿಟ್ಟನೆ?

ತೆಳು ಲಕೋಟೆಗಳು ಬಂದವು, ವಾರಕ್ಕೆ ನಾಲ್ಕು, ಐದು.
‘ನೀವು ಕೊಂಡಿರಿ’ ಅನ್ನುತ್ತಿತ್ತು ಕಾಗದ.
ನಾನು ಆ ದಿನ ರಾಸ್‌ಬೆರಿ ಪೊದೆ ಕತ್ತರಿಸುತ್ತಿದ್ದೆ.
‘ನೀವು ಮಾರಿದಿರಿ.’
ನಾನು ಹಲ್ಲು ಕೀಳಿಸಿಕೊಳ್ಳುತ್ತಿದ್ದೆ.
ಕಾಗದದ ಬೆನ್ನು ಖಾಲಿ ಇತ್ತಲ್ಲ, ಹಾಲು, ಈರುಳ್ಳಿ, ಬಲ್ಬು ಎಂದು
ಸಾಮಾನಿನ ಪಟ್ಟಿ ಬರೆದೆ ಅದರ ಮೇಲೆ.

ಹನ್ನೊಂದು ತಿಂಗಳಲ್ಲಿ ಇನ್ನೂರ ಹದಿನಾಲ್ಕು ಸಲ
ಕಡೆದಿದ್ದಾನೆ ನನ್ನ ದುಡ್ಡನ್ನು, ಮೊಸರು ಕಡೆದಂತೆ.
ಪ್ರತಿ ಸುತ್ತಿಗೂ ಬೆಣ್ಣೆ ಅವನ ಬಟ್ಟಲಿಗೆ,
ನೀರುಮಜ್ಜಿಗೆ ನನ್ನ ಹೆಸರಿಗೆ.

ಆಮೇಲೆ ಆ ಪತ್ರ. ಅದನ್ನೂ ಹೇಳಿಬಿಡಬೇಕು.
‘ಖಾತೆಯ ಚಟುವಟಿಕೆ ನನಗೆ ತಿಳಿದಿದೆ, ತೃಪ್ತಿಯಿದೆ.’
ಇದೇನು ಅಂತ ಫೋನು ಮಾಡಿದೆ.
ಶಾಸ್ತ್ರಕ್ಕೆ ಅಷ್ಟೇ, ಅಂದ.
ಚರ್ಚಿನವರು ಕೊಟ್ಟ ಪೆನ್ನಿನಿಂದ ಸಹಿ ಹಾಕಿದೆ.
ಈಗ ಅದನ್ನು ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸಿದರು:
ನನ್ನ ಸಹಿ, ಬಾಗಿಲಿನಷ್ಟು ಎತ್ತರ.

ನನ್ನ ಪರ ನಿಂತವಳು ಪಾಕೂ ಶಾಂಗ್,
ಇನ್ನೂ ಕಾನೂನು ಓದುತ್ತಿರುವ ಹುಡುಗಿ.
ನನ್ನಷ್ಟು ಸಣ್ಣ ನಷ್ಟಕ್ಕೆ ದೊಡ್ಡ ವಕೀಲರು ಬರುವುದಿಲ್ಲ;
ಕಾಲೇಜಿನವರು ಪುಕ್ಕಟೆ ಬಂದರು.
ಅವಳು ಕೇಳಿದ್ದು ಒಂದೇ:
‘ಮಾರ್ಚ್ ಒಂಬತ್ತು, ಹತ್ತೂ ಇಪ್ಪತ್ತು. ಗ್ರಾಹಕಿ ಫೋನಿನಲ್ಲಿ ಒಪ್ಪಿದರು.
ಇದು ನಿಮ್ಮ ಕೈಬರಹವೆ, ವಾನ್‌ಕ್ಯಾಂಪ್?’
ಹೌದು ಅಂದ.

ಆ ದಿನ ನಮ್ಮ ಬೀದಿಗೆ ತಂತಿಯೇ ಇರಲಿಲ್ಲ.
ಮಂಜುಗಡ್ಡೆಯ ಭಾರಕ್ಕೆ ಕಂಬಗಳು
ಕುಡಿದವರ ಹಾಗೆ ಒಂದರ ಮೇಲೊಂದು ಒರಗಿದ್ದವು.
ಒಲೆಯ ಮೇಲೆ ಹಿಮ ಕರಗಿಸಿ ಕಾಫಿ ಕಾಸುತ್ತಿದ್ದೆ ನಾನು.
ಫೋನ್ ಕಂಪನಿಯ ಪತ್ರ ಮೇಜಿನ ಮೇಲೆ ಬಂತು.
ಹಿರಿಯ ಪಂಚ ಕನ್ನಡಕ ತೆಗೆದು ಒರೆಸಿದ,
ಮತ್ತೆ ಹಾಕಿದ. ಗ್ರೇಡಿ ತನ್ನ ಬೂಟು ನೋಡಿಕೊಂಡ.
ಗೋಡೆಯಾಚೆ ಒಂದು ತಟ್ಟೆ ಒಡೆಯಿತು.

ಗೆದ್ದೆವು ಅಂದುಕೊಂಡಳು ಪಾಕೂ.

ತೀರ್ಪು ಆರು ವಾರಕ್ಕೆ ಬಂತು. ಮೂರು ಸಾಲು.
ಕಳೆದದ್ದು ಒಂದು ಲಕ್ಷದ ಹನ್ನೆರಡು ಸಾವಿರ ಡಾಲರ್,
ಕೊಡತಕ್ಕದ್ದು ಮೂವತ್ತೆಂಟು.
ಯಾಕೆ? ಬರೆದಿಲ್ಲ. ಬರೆಯಬೇಕಿಲ್ಲವಂತೆ.
ಆ ಪತ್ರಕ್ಕೆಷ್ಟು ಕಳೆದರು, ಆ ಕಂಬಗಳಿಗೆಷ್ಟು ಕೂಡಿದರು,
ಮುಳ್ಳು ಎಲ್ಲಿ ನಿಂತಿತು,
ಮುಳ್ಳು ಎಂಬುದಿತ್ತೆ?

ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ ತೀರ್ಪನ್ನು.
ಒಂದು ಔನ್ಸೂ ಇಲ್ಲ.
ಬಿಸ್ಕತ್ತಿನ ಡಬ್ಬಿಯ ಚೀಟಿಗಳನ್ನಿಟ್ಟೆ, ಹಾಲು ಈರುಳ್ಳಿ ಸಮೇತ:
ಎರಡು ಪೌಂಡು, ಮೇಲೊಂದು ಚೂರು.

ಗ್ರೇಡಿ ಈಗ ಸೇತುವೆಯಾಚೆ ವಿಮೆ ಮಾರುತ್ತಾನೆ, ಕೇಳಿದೆ.
ಫೋನಿನ ಪಕ್ಕ ನಾನೊಂದು ಪುಸ್ತಕ ಇಟ್ಟಿದ್ದೇನೆ.
ಗಂಟೆ ಹೊಡೆದರೆ ಮೊದಲು ಹೊತ್ತು ಬರೆಯುತ್ತೇನೆ,
ಆಮೇಲೆ ಎತ್ತುತ್ತೇನೆ.
ಅಷ್ಟರಲ್ಲಿ ಎಷ್ಟೋ ಸಲ ಅದು ನಿಂತಿರುತ್ತದೆ.